ಕುಡಿಯದ ದೊಡ್ಡಪ್ಪನ ಲಿವರ್

ತಪ್ಪು ನನ್ನದೇ. ಒಂದು ತೊಟ್ಟೂ ಮುಟ್ಟದ ದೊಡ್ಡಪ್ಪನನ್ನು ಚನ್ನಗಿರಿಯ ಅಡಿಕೆ ಸುಲಿಯುವ ಚಪ್ಪರದಲ್ಲಿ ಕುಡುಕನನ್ನಾಗಿ ಮಾಡಿದವನು ನಾನು. ಆ ಸುಗ್ಗಿಯಲ್ಲಿ ಅವರ ಕಣ್ಣು ಹಳದಿಯಾಗಿತ್ತು, ಹೊಟ್ಟೆ ಉಬ್ಬಿತ್ತು, ಕಾಲು ತಡವರಿಸುತ್ತಿತ್ತು. ನನಗೆ ಕಂಡದ್ದು ಕಾಯಿಲೆಯಲ್ಲ, ಅಣಕಿಸಲು ಹೊಸ ಐಟಂ.

ನಾನು ಯಾರ ದನಿಯನ್ನೂ ಬಿಟ್ಟವನಲ್ಲ. ಪಿಯುಸಿ ಫೇಲಾದ ದಿನ ಅಪ್ಪನ ದನಿಯಲ್ಲಿ ನನ್ನನ್ನೇ ಬೈದುಕೊಂಡು ಮನೆಯವರನ್ನೆಲ್ಲ ನಗಿಸಿದ್ದೆ. ಹಾಗೇ ಚಪ್ಪರಕ್ಕೂ ದೊಡ್ಡಪ್ಪನ ಹಾಗೆ ತೂರಾಡುತ್ತ ಬಂದು, "ಯಾರ್ಲೇ ಅದು, ನೆಲ ಅಲ್ಲಾಡ್ಸೋರು?" ಎಂದೆ. ಮೆಟ್ಟುಗತ್ತಿಯ ಮುಂದೆ ಕೂತವರೆಲ್ಲ ಸುಲಿಯುವುದು ಬಿಟ್ಟು ನಕ್ಕರು.

ಚಪ್ಪರದ ಮಾತು ಅಡಿಕೆಗಿಂತ ಮೊದಲು ಪೇಟೆಯ ಮಂಡಿ ಸೇರುತ್ತದೆ. ಅಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ ದೊಡ್ಡಪ್ಪನ ಕಿವಿಗೂ ಬಿತ್ತು. ಆಸ್ಪತ್ರೆಗೆ ಹೋದರೆ ಜನ ನಿಜವೆಂದುಕೊಳ್ಳುತ್ತಾರೆಂದು ಎರಡು ತಿಂಗಳು ಹೋಗಲೇ ಇಲ್ಲ. ಸವಳಂಗದಿಂದ ಕಾಮಾಲೆಯ ಸೊಪ್ಪಿನ ಔಷಧಿ ತರಿಸಿ ಕುಡಿದರು.

ಕೊನೆಗೆ ದಾವಣಗೆರೆಯ ಡಾಕ್ಟರು ಲಿವರ್ ಕ್ಯಾನ್ಸರ್ ಎಂದರು. ಜೀವಕೋಶ ಅಡ್ಡಾದಿಡ್ಡಿ ಬೆಳೆಯದಂತೆ ತಡೆಯುವ ಜೀನ್ ಒಂದಿದೆಯಂತೆ. ಅಪ್ಪನಿಂದ ಒಂದು ಪ್ರತಿ, ಅವ್ವನಿಂದ ಒಂದು. ಒಂದು ಕೆಟ್ಟರೆ ಇನ್ನೊಂದು ನಿಭಾಯಿಸುತ್ತದೆ. ದೊಡ್ಡಪ್ಪನ ಲಿವರಿನ ಯಾವುದೋ ಕೋಶದಲ್ಲಿ ಎರಡೂ ಕೆಟ್ಟಿದ್ದವು. ಸಾಕು ಎನ್ನುವವರಿಲ್ಲದೆ ಅದು ತನ್ನದೇ ನಕಲು ಮಾಡುತ್ತ ಹೋಗಿತ್ತು. ನಕಲಿನಲ್ಲಿ ನನ್ನನ್ನೂ ಮೀರಿಸಿತ್ತು.

"ಕುಡಿದು ಬಂದಿದ್ದಲ್ಲ ಅಂತ ಒಂದು ಚೀಟಿ ಬರ್ಕೊಡ್ರಿ ಸಾ," ಎಂದರು ದೊಡ್ಡಪ್ಪ.

"ನಾನು ನಂಬ್ತೀನಿ ಯಜಮಾನ್ರೆ. ಆದ್ರೆ ಹಂಗೆಲ್ಲ ಬರ್ಕೊಡಾಕೆ ಬರಲ್ಲ."

ದೊಡ್ಡಪ್ಪ ಜೊತೆಗೆ ಹೋಗಿದ್ದ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ಹೇಳಿದೋನು ನೀನು. ಸುಳ್ಳು ಅಂತ ನೀನೇ ಹೇಳು. ನಾನು ಹೋಗೋದ್ರೊಳಗೆ."

ಮರುದಿನ ಬೆಳಿಗ್ಗೆಯೇ ಚಪ್ಪರಕ್ಕೆ ಹೋಗಿ ನಿಂತೆ. ನಾನು ಆಡಿದ್ದು ಸುಳ್ಳು ಎಂದೆ. ಜೀನಿನ ಕಥೆಯನ್ನು ತಿಳಿದಷ್ಟು ಹೇಳಿದೆ.

"ಡಾಕ್ಟ್ರನ್ನ ಹೆಂಗೆ ಮಾಡ್ತಾನೆ ನೋಡ್ರೀ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ. ನನಗೆ ಅಳು ಬಂತು, ಅದಕ್ಕೂ ನಕ್ಕರು.

ಅವರಲ್ಲಿ ಹಿರಿಯನೊಬ್ಬ ಕಣ್ಣೊರೆಸಿಕೊಳ್ಳುತ್ತ, "ಕುಡೀದೆ ಲಿವರ್ ಹೋಗ್ತೈತೇನ್ಲೇ? ನಿಮ್ ದೊಡ್ಡಪ್ಪ ಗುಟ್ಟಾಗಿ ಹಾಕ್ತಿದ್ದ ಬಿಡು," ಎಂದ.

ಮೂಲೆಯಲ್ಲಿ ದೊಡ್ಡವ್ವ ಅಷ್ಟು ಹೊತ್ತೂ ತಲೆ ಎತ್ತದೆ ಸುಲಿಯುತ್ತಿದ್ದಳು. ಕೈಲಿದ್ದ ಅಡಿಕೆಯನ್ನು ಕೆಳಗಿಟ್ಟು ಅವನನ್ನೇ ನೋಡಿದಳು.

"ಹಾಕಿದ್ರೆ ಚಲೋ ಇತ್ತು ಕಣಣ್ಣ. ಆ ಸುಖನಾದ್ರೂ ಉಂಡು ಹೊಂಟ್ರು ಅನ್ಕಂತಿದ್ದೆ."