ಜಗಲಿಯ ಮೇಲೆ ಕೂರಿಸಿದ ಅಣ್ಣ

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಬೆಳಗಾದರೆ ಹಾಸು ಹಾಕುತ್ತಿದ್ದರು. ಮಗ್ಗಕ್ಕೆ ಏರಿಸುವ ಮೊದಲು ರೇಷ್ಮೆಯ ಎಳೆಗಳನ್ನು ಬೀದಿಯುದ್ದಕ್ಕೂ ಗೂಟಗಳ ನಡುವೆ ಬಿಗಿದು, ಕುಂಚದಲ್ಲಿ ಗಂಜಿ ಸವರುತ್ತ, ಕಿತ್ತ ಎಳೆಗಳಿಗೆ ಗಂಟು ಹಾಕುತ್ತ ಆ ತುದಿಗೂ ಈ ತುದಿಗೂ ನಡೆಯಬೇಕು. ಬಿಸಿಲು ಚುರುಗುಟ್ಟುವವರೆಗೂ ಆ ನಡಿಗೆ ಮುಗಿಯುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಹಾಗೆ ನಡೆದೇ ನನ್ನನ್ನು ಹೈಸ್ಕೂಲು ಓದಿಸಿದ.

ಅರವತ್ತರ ದಶಕದಲ್ಲಿ ನನಗೆ ಹನೂರಿನ ಒಂದು ಆಫೀಸಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಇಸ್ತ್ರಿ ಶರ್ಟು ತೊಟ್ಟು ಬಸ್ಸಿಗೆ ಹೊರಟಾಗ, ಅಣ್ಣ ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ಗಂಜಿ ಮೆತ್ತಿದ ಕೈಯಲ್ಲಿ ಎದುರಾಗುತ್ತಿದ್ದ. ನನಗೆ ನಾಚಿಕೆಯಾಗುತ್ತಿತ್ತು. ಅದನ್ನೇ ಪ್ರೀತಿಯ ಮಾತಿನ ಹಾಗೆ ಹೇಳಿದೆ: "ದುಡಿದಿದ್ದು ಸಾಕು, ಇನ್ನು ಕೂತ್ಕೊ ಅಣ್ಣ." ಎಲ್ಲ ಕೆಲಸಕ್ಕೂ ಕೂಲಿಯವರನ್ನು ಇಟ್ಟೆ. ಅಣ್ಣ ಜಗಲಿಯ ಮೇಲೆ ಕೂತ. ತಮ್ಮ ಅಂದರೆ ಹೀಗಿರಬೇಕು ಎಂದು ಬೀದಿಯವರು ಹೊಗಳಿದರು. ಅಣ್ಣ ದಪ್ಪಗಾದ.

ಕೆಲವು ವರ್ಷಗಳಲ್ಲಿ ತಂಬಿಗೆ ನೀರು ಸಾಲದಷ್ಟು ಬಾಯಾರಿಕೆ. ಹಿತ್ತಲಲ್ಲಿ ಅವನು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತಿದವು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. "ಓಡಾಡ್ತಿದ್ದ ಮೈಯನ್ನ ಹೀಗೆ ಕೂರಿಸಿಬಿಟ್ರೆ ಕಾಯಿಲೆಗೆ ದಾರಿ ಮಾಡಿಕೊಟ್ಟ ಹಾಗೆ. ಬಾಯಿ ಕಟ್ಟಿ, ದಿನಾ ನಡೀರಿ."

ಮನೆಗೆ ಬಂದು ಅಣ್ಣ ನಕ್ಕ. "ಕೆಲ್ಸಿಲ್ದೆ ಬೀದಿ ಅಲೀತಿದ್ರೆ ತಲೆ ಕೆಟ್ಟದೆ ಅಂತಾರೆ ಕಣ್ಲಾ. ಹಾಸು ಹಿಡ್ಕಂಡ್ರೆ ಯಾರೂ ಏನೂ ಅನ್ನಕಿಲ್ಲ. ನಾಳಿಂದ ನಾನೇ ಓಯ್ತೀನಿ."

ಆಗ ಯಳಂದೂರಿನವರು ನನಗೆ ಹೆಣ್ಣು ಕೊಡುವ ಮಾತು ನಡೆಸಿದ್ದರು. "ಬೀಗರು ಬಂದಾಗ ನೀನು ಬೀದೀಲಿ ಗಂಜಿ ಬಳೀತಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಮದುವೆ ಮುಗೀಲಿ," ಎಂದೆ.

ಅಣ್ಣ ನನ್ನ ಶರ್ಟನ್ನೇ ನೋಡಿದ. "ಆಯ್ತು ಬುಡಪ್ಪ, ದೊಡ್ ಮನ್ಸ."

ಮದುವೆ ಮುಗಿಯಿತು. ಆಮೇಲೆ ನಂಟರ ಓಡಾಟ, ಮಗುವಿನ ನಾಮಕರಣ. ಪ್ರತಿ ಸಲವೂ ಒಂದು ನೆಪ ಹೇಳಿದೆ. ಕೊನೆಗೆ ಅವನು ಕೇಳುವುದನ್ನೇ ಬಿಟ್ಟ. ಅವನ ಪಾದ ಸದಾ ಜೋಮು ಹಿಡಿದಂತಿರುತ್ತದೆ ಎಂದು ಅತ್ತಿಗೆ ಹೇಳಿದ ದಿನ ಹೆದರಿದೆ. ಮಾರನೆಯ ಬೆಳಗ್ಗೆ ನಾನೇ ಗೂಟ ನೆಟ್ಟು, ಹಾಸು ಬಿಗಿಸಿ, ಅವನನ್ನು ಕರೆದೆ. ಅಣ್ಣ ಕುಂಚ ಹಿಡಿದು ಮದುಮಗನ ಹಾಗೆ ಹೊರಟ.

ಎದುರು ಮನೆಯವನು ಕಿಚಾಯಿಸಿದ: "ಏನಣ್ಣೋ, ಜಗಲಿ ಸವೆದೋಯ್ತಾ?"

"ಊ ಕಣ್ಲಾ. ನೀ ಬಂದು ಕೂತ್ಕೊ, ಜಾಗ ಇನ್ನೂ ಬೆಚ್ಚಗದೆ."

ಅವನು ಎರಡನೇ ಸಲ ತಿರುಗಿ ಬರುವಾಗ ನೆಲದ ಮೇಲೆ ರಕ್ತ ಕಂಡೆ. ಹಿಮ್ಮಡಿಯಲ್ಲಿ ಗಾಜಿನ ಚೂರು ನಾಟಿತ್ತು. ನಿಲ್ಲಿಸಿದೆ.

"ನೋಯ್ತಾನೇ ಇಲ್ವಲ್ಲಾ. ಇರು, ಮುಗಿಸ್ಬುಡ್ತೀನಿ," ಎಂದ.

ಗಾಯ ಮಾಯಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಈಗ ನನಗೂ ಅದೇ ಕಾಯಿಲೆ. ಕೂತು ಬರೆಯುವ ಕೆಲಸ, ವಂಶ, ಎರಡೂ ಸೇರಿರಬಹುದು ಎನ್ನುತ್ತಾರೆ. ನಡೆಯುತ್ತಲೇ ಇದ್ದಿದ್ದರೂ ಅಣ್ಣನಿಗೆ ಅದು ಬರುತ್ತಿತ್ತೇನೋ. ಹಾಗೆಂದುಕೊಂಡು ಸಮಾಧಾನ ಪಡಲು ನೋಡಿದ್ದೇನೆ, ಆಗಿಲ್ಲ. ಬೆಳಗ್ಗೆ ಚಪ್ಪಲಿ ಮೆಟ್ಟಿ ಅದೇ ಬೀದಿಯಲ್ಲಿ ಕೆಲಸವಿಲ್ಲದೆ ನಡೆಯುತ್ತೇನೆ. ಯಾರೂ ನಗುವುದಿಲ್ಲ. ಅಣ್ಣ ಕೂತಿರುತ್ತಿದ್ದ ಜಗಲಿಯ ಮುಂದೆ ಬಂದಾಗ ಮಾತ್ರ ಆ ಕಡೆ ನೋಡದೆ ದಾಟುತ್ತೇನೆ.