ಕೆಮ್ಮಣ್ಣಿನ ಹಾವು

ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಬಲಪಕ್ಕೆಯ ಮೇಲೆ ಉರಿಯುವ ನೀರುಗುಳ್ಳೆ ಎದ್ದವು. ಅತ್ತೆ ನೋಡಿದವರೇ ಸರ್ಪಸುತ್ತು ಎಂದರು. ದೊಡ್ಡಆಲಹಳ್ಳಿ ಕಡೆ ಇದಕ್ಕೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಕುಂಬಾರಜ್ಜ ಬಂದು ಗುಳ್ಳೆಗಳ ಸುತ್ತ ಕೆಮ್ಮಣ್ಣಿನಲ್ಲಿ ಹಾವು ಬರೆದ. "ಸೂಜಿ ಚುಚ್ಚಿಸ್ಬ್ಯಾಡ ಕಣವ್ವ, ನಂಜಾಯ್ತದೆ," ಎಂದ. ಗುಳ್ಳೆಸಾಲಿನ ತಲೆ ಬಾಲ ಕೂಡಿದರೆ ಜೀವ ಹೋಗುತ್ತದಂತೆ. ಮೂರು ವಾರ ಕನ್ನಡಿ ಹಿಡಿದು ನಡುವಿನ ಜಾಗ ನೋಡಿಕೊಂಡೆ. ಗುಳ್ಳೆ ಬಾಡಿದವು, ಗೆದ್ದೆ ಎಂದುಕೊಂಡೆ.

ಆಮೇಲೆ ನಾಲಿಗೆಯ ಮೇಲೆ ಉಜ್ಜಿದರೂ ಹೋಗದ ಬಿಳಿ ಪದರ, ತಿಂಗಳಾದರೂ ಬಿಡದ ಜ್ವರ. ರವಿಕೆಗಳೆಲ್ಲ ಸಡಿಲವಾದವು. ರೇಷ್ಮೆಹುಳು ಸಾಕುವವಳು ನಾನು. ತಟ್ಟೆಯಲ್ಲಿ ಒಂದು ಹುಳುವಿನ ಬಣ್ಣ ತುಸು ಬದಲಾದರೂ ಹೆಕ್ಕಿ ಎಸೆಯುತ್ತಿದ್ದೆ. ನನ್ನ ಮೈ ಮಾತ್ರ ನನಗೆ ಕಾಣಲಿಲ್ಲ, ಎಂಥ ಪೆದ್ದಿ.

ಕನಕಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಕ್ಕೆಯ ಕಲೆ ನೋಡಿ, ಯಜಮಾನರು ಹೇಗೆ ಹೋದರು ಎಂದು ಕೇಳಿದರು. ಟಿಬಿ ಎಂದೆ. ಚಿಕ್ಕ ವಯಸ್ಸಿನಲ್ಲಿ ಸರ್ಪಸುತ್ತು, ಬಿಡದ ಜ್ವರ, ಸುಮ್ಮಸುಮ್ಮನೆ ಇಳಿಯುವ ತೂಕ ಕಂಡರೆ ಎಚ್‌ಐವಿ ಪರೀಕ್ಷೆ ಮಾಡಿಸಬೇಕು ಎಂದರು. ಟಿಬಿಯ ಹಿಂದೆ ಕೆಲವು ಸಲ ಎಚ್‌ಐವಿಯೂ ಇರುತ್ತದಂತೆ; ನಿಜವಾಗಿ ಗಂಡನಿಗೆ ಟಿಬಿ ಬಂದಾಗಲೇ ಇಬ್ಬರೂ ಮಾಡಿಸಬೇಕಿತ್ತಂತೆ, ಲಕ್ಷಣ ಕಾಣಲಿ ಎಂದು ಕಾಯಬಾರದಂತೆ. ರಕ್ತ ಕೊಟ್ಟೆ. ಇದೆ ಎಂದರು. ದಿನಾ ಮಾತ್ರೆ ನುಂಗಿದರೆ ಬಹಳ ಕಾಲ ಬದುಕಬಹುದು ಎಂದೂ ಹೇಳಿದರು, ಅದು ತಲೆಗೆ ಹೋಗಲಿಲ್ಲ. ನನ್ನ ಹಾಲು ಕುಡಿದು ಬೆಳೆದ ಆರು ವರ್ಷದ ಮಗಳೊಬ್ಬಳೇ ಕಣ್ಣ ಮುಂದಿದ್ದಳು. ಅವಳನ್ನೂ ಕರೆತರಲು ಹೇಳಿದರು.

ಮನೆಯಲ್ಲಿ ಅತ್ತೆಗೆ, ರಕ್ತ ಕಮ್ಮಿಯಂತೆ ಎಂದೆ. ಇಡೀ ಊರಿನಲ್ಲಿ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂತು, ಬೈಯೋಣವೆಂದರೆ ಅವನೂ ಇಲ್ಲ.

ಮರುದಿನ ಮಗಳೊಂದಿಗೆ ಬಸ್ಸು ಹತ್ತಿದೆ. ಸೂಜಿ ಚುಚ್ಚಿದರೂ ಅವಳು ಅಳಲಿಲ್ಲ, ನನಗೇ ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಕೂತು ಅವಳ ಜಡೆ ಬಿಚ್ಚಿ ಹೆಣೆದೆ, ಮತ್ತೆ ಬಿಚ್ಚಿದೆ. ಕೊನೆಗೆ ಒಳಗೆ ಕರೆದು, ಮಗುವಿಗೆ ಇಲ್ಲ ಎಂದರು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಬಸ್‌ಸ್ಟ್ಯಾಂಡಿನ ಹತ್ತಿರ ಅರ್ಧ ಕೆಜಿ ಜಿಲೇಬಿ ಕಟ್ಟಿಸಿದೆ. ಸಿಕ್ಕವರಿಗೆಲ್ಲ ಹೇಳಬೇಕು ಎನ್ನುವಷ್ಟು ಸಂತೋಷವಾಗಿತ್ತು. ಆದರೆ ಮಗಳಿಗಿಲ್ಲ ಎನ್ನಬೇಕಾದರೆ ನನಗಿದೆ ಎನ್ನಬೇಕಲ್ಲ.

ಅತ್ತೆ ಒಂದು ಜಿಲೇಬಿ ಮುರಿದು ಬಾಯಿಗಿಟ್ಟುಕೊಂಡು, "ಏನವ್ವ ಇಸೇಸ?" ಎಂದು ಕೇಳಿದರು.

"ಏನಿಲ್ಲ ಕಣತ್ತೆ, ಸುಮ್ಕೆ," ಎಂದೆ.