ದೀಪದ ಸುತ್ತ ತಗ್ಗಿದ ಮರಳು

ಇಂಥ ಕತೆ ಯಾರಾದರೂ ಹೇಳಿದರೆ ಪೂರ್ತಿ ಕೇಳಿ, ಚಹಾ ಕೊಟ್ಟು ಕಳಿಸುತ್ತಿದ್ದೆ, ನಂಬುತ್ತಿರಲಿಲ್ಲ. ದೇವರನ್ನು ನಂಬುವವಳು ಉಳಿದದ್ದನ್ನೆಲ್ಲ ನಂಬಬೇಕೆಂದೇನಿಲ್ಲ. ಈಗ ನನ್ನದೇ ಒಂದನ್ನು ಹೇಳುತ್ತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ದಿಲ್‌ಸುಖ್‌ನಗರದ ಹಿಂದಿನ ಗಲ್ಲಿಯಲ್ಲಿ ನಮ್ಮ ಎರಡು ಕೋಣೆಯ ಮನೆಗೆ ಪಾಯ ಹಾಕಿಸಿದ ವರ್ಷವೇ ಯಜಮಾನರು ತೀರಿಕೊಂಡರು. ಮಕ್ಕಳಿಲ್ಲ. ಗೋಡೆ, ಸೂರು ನಾನೇ ನಿಂತು ಮಾಡಿಸಿದೆ. ನೆಲವೊಂದು ಉಳಿದಿತ್ತು. ನಾವು ಬಾಡಿಗೆಗಿದ್ದ ಮನೆಯ ನೆಲ ಕುಸಿದು, ಹಾಲಿನ ಪಾತ್ರೆ ಎಲ್ಲಿಟ್ಟರೂ ವಾಲುತ್ತಿತ್ತು. ಅದಕ್ಕೇ ಯಜಮಾನರು, "ನಮ್ಮ ಮನ್ಯಾಗ ಮರಳಿಗೆ ಹೊಟ್ಟಿ ತುಂಬ ನೀರು ಕುಡಿಸಿ ದಮ್ಮಸು ಹೊಡಸ್ತೀನಿ ನೋಡು," ಎನ್ನುತ್ತಿದ್ದರು.

ನೆಲ ಹಾಕುವ ಹಿಂದಿನ ದಿನ, ಶುಕ್ರವಾರ, ಹಾಗೆಯೇ ಪಾಯದೊಳಗೆ ಮರಳು ತುಂಬಿ, ನೀರು ಬಿಟ್ಟು, ದಮ್ಮಸಿನ ಕೊರಡಿನಿಂದ ಬಡಿದು ಗಟ್ಟಿ ಮಾಡಿಯಾಗಿತ್ತು. ಯಾದಗಿರಿ ಕಡೆಯ ಮೇಸ್ತ್ರಿ ಯಂಕಪ್ಪ ಕಬ್ಬಿಣದ ಸರಳನ್ನು ಎದೆಯೆತ್ತರದಿಂದ ಅಲ್ಲಲ್ಲಿ ಬಿಟ್ಟು ನೋಡಿದ. ಗಟ್ಟಿ ಮರಳಿನಲ್ಲಿ ಅದು ತುಸು ಇಳಿದು ನಿಲ್ಲುತ್ತದೆ. ದೇವರಿಗೆಂದು ಬಿಟ್ಟ ಮೂಲೆಯಲ್ಲಿ ಮಾತ್ರ ಗೇಣುದ್ದ ಇಳಿಯಿತು. ಮತ್ತೆ ಬಡಿದರೂ ಅಷ್ಟೇ.

"ಟ್ಯಾಂಕರ್ ನೀರು ಖಾಲಿ ಆತ್ರಿ ಅಕ್ಕಾರ. ಮುಂಜಾನೆ ಕಾಂಕ್ರೀಟಿನವರು ಬರ್ತಾರ. ಹಿಂಗ ಇದ್ರ ವಾಪಸ್ ಕಳಸಬೇಕಾಕ್ಕೈತಿ," ಎಂದ.

ಕಳಿಸಿದರೆ ಅವರು ಮತ್ತೆ ಸಿಗುವುದು ಯಾವಾಗಲೋ. ಬಾಡಿಗೆ ಮನೆಯನ್ನು ಆ ವಾರವೇ ಬಿಡಬೇಕಿತ್ತು. ಹಾಗೇ ಹಾಕಿಸಿದರೆ ದೇವರ ಮುಂದೆಯೇ ನೆಲ ಕುಸಿಯುತ್ತಿತ್ತು.

ಯಂಕಪ್ಪನೂ ಅವನ ಹೆಂಡತಿ ಸಾಬಮ್ಮನೂ ಹೋದರು. ದೀಪ ಹಚ್ಚುವ ಹೊತ್ತು. ಆ ಮೂಲೆಯ ಸಡಿಲ ಮರಳಿನಲ್ಲಿ ಹಣತೆ ವಾಲದಂತೆ ಒತ್ತಿಟ್ಟು, ಹಚ್ಚಿ ಕೂತೆ.

ಯಾರೋ ದಮ್ಮಸು ಹೊಡೆದಂತೆ ನೆಲ ಧಪ್, ಧಪ್ ಎಂದು ಅಂಗಾಲಿಗೆ ಬಡಿಯಿತು. ಪಕ್ಕದ ಮನೆಯಲ್ಲಿ ಏನೋ ಕುಟ್ಟುತ್ತಿದ್ದಾರೆಂದು ಗಲ್ಲಿಗೆ ಹೋಗಿ ನೋಡಿದೆ. ಎಲ್ಲಿಯೂ ಕೆಲಸ ನಡೆದಿರಲಿಲ್ಲ. ಒಳಗೆ ಬಂದರೆ ಮತ್ತೆ ಅದೇ. ನೆಲ ಅಷ್ಟು ಅದುರುತ್ತಿದ್ದರೂ ದೀಪದ ಕುಡಿ ಅಲುಗಲಿಲ್ಲ. ಹೆದರಿಕೆಯಾಗಲಿಲ್ಲ. ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎನ್ನಿಸಿ ಎಷ್ಟೋ ದಿನವಾಗಿತ್ತು. ನಿಲ್ಲುವ ತನಕ ಕೂತಿದ್ದೆ. ಆಮೇಲೆ ದೀಪವನ್ನು ಅಲ್ಲೇ ಬಿಟ್ಟು, ತಗಡಿನ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಬಾಡಿಗೆ ಮನೆಗೆ ಹೋದೆ.

ಮುಂಜಾನೆ ನಾನೇ ಬೀಗ ತೆಗೆದೆ. ಮೂಲೆಯ ಮರಳು ನಾಲ್ಕು ಬೆರಳಷ್ಟು ಕೆಳಗೆ ಇಳಿದಿತ್ತು. ನಡುವೆ, ಹಣತೆಯ ಬುಡದಲ್ಲಿ ಮಾತ್ರ, ಅದು ಪುಟ್ಟ ದಿಬ್ಬವಾಗಿ ಹಾಗೇ ನಿಂತಿತ್ತು. ಉಳಿದ ಎಣ್ಣೆ ಒಂದು ಹನಿಯೂ ಚೆಲ್ಲಿರಲಿಲ್ಲ. ಯಂಕಪ್ಪ ಪಕ್ಕದಲ್ಲಿ ಸರಳು ಬಿಟ್ಟ. ತುಸುವೇ ಇಳಿದು ನಿಂತಿತು.

"ಅಕ್ಕಾರ, ರಾತ್ರಿ ಬಂದು ನೀವ ಕುಣದ್ರೇನ್ರಿ?" ಎಂದು ಸಾಬಮ್ಮ ನಕ್ಕಳು.

"ಸುಮ್ನಿರ. ನೀರು ಇಂಗಿ ತಾನ ಕುಂತೈತಿ," ಎಂದ ಯಂಕಪ್ಪ. ಆದರೆ ಆ ದಿಬ್ಬವನ್ನು ಅವನು ಮುಟ್ಟಲಿಲ್ಲ. "ದೀಪ ನೀವ ತಗೀರಿ," ಎಂದ.

ತಗ್ಗು ತುಂಬಿಸಿ ಅಂದೇ ಕಾಂಕ್ರೀಟ್ ಹಾಕಿದರು. ಇವತ್ತಿನವರೆಗೆ ಒಂದು ಬಿರುಕಿಲ್ಲ. ಹಾಲಿನ ಪಾತ್ರೆ ನೆಟ್ಟಗೆ ಕೂರುತ್ತದೆ. ಇದೇ ದೊಡ್ಡದು. ನೀರು ಇಂಗಿದರೆ ಮರಳು ಕೂರುತ್ತದಂತೆ, ಇರಬಹುದು. ದೀಪವನ್ನು ಬಿಟ್ಟು ಸುತ್ತಲಷ್ಟೇ ಹೇಗೆ ಕೂತಿತು?

ಶುಕ್ರವಾರ ದೀಪ ಹಚ್ಚಿದ ಮೇಲೆ ಅಂಗಾಲನ್ನು ನೆಲಕ್ಕೊತ್ತಿ ಸ್ವಲ್ಪ ಹೊತ್ತು ಕೂರುತ್ತೇನೆ. ನೆಲ ಗಟ್ಟಿಯಾಗಿದೆ. ಏನೂ ಕೇಳಿಸುವುದಿಲ್ಲ.